ಯುವಕ ಸಂಘದ ಮಕ್ಕಳಿಗೆ ಮನೆಯವರ ನೆರವು ಹೇಗಿರಬೇಕು?

ಯುವಕ ಸಂಘವೆಂದರೆ ಗಣೇಶನ ಹಬ್ಬಕ್ಕೆ ಚಂದಾ ಎತ್ತುವ, ಕಬಡ್ಡಿ ಪಂದ್ಯ ಏರ್ಪಡಿಸುವ ಹುಡುಗರ ಗುಂಪು ಎಂಬ ಭಾವನೆ ಹಳ್ಳಿಯ ಅನೇಕ ಹಿರಿಯರಲ್ಲಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಕೈತೋಟ, ಕೋಳಿ ಸಾಕಣೆ, ಕುರಿ ಸಾಕಣೆ ಮುಂತಾದ ಉಪಯುಕ್ತ ಕೆಲಸಗಳನ್ನು ಸದಸ್ಯರ ಕೈಯಿಂದಲೇ ಮಾಡಿಸುವ ಸಂಘಗಳೂ ಇವೆ. ಅಂಥ ಸಂಘಕ್ಕೆ ಸೇರಿದ ಹುಡುಗನೋ ಹುಡುಗಿಯೋ ಕೈಗೊಂಡ ಕೆಲಸ ನಡೆಯುವುದೂ ನಿಲ್ಲುವುದೂ ಸಂಘದ ಮುಖಂಡರಿಗಿಂತ ಹೆಚ್ಚಾಗಿ ಮನೆಯವರನ್ನೇ ಅವಲಂಬಿಸಿದೆ.

ಈ ಬಗೆಯ ಸಂಘಗಳ ಮೊದಲ ಪ್ರಯೋಗಗಳಲ್ಲಿ ಒಂದು ಅಮೆರಿಕದಲ್ಲಿ ನಡೆಯಿತು. 1902ರಲ್ಲಿ ಒಹಾಯೊ ರಾಜ್ಯದಲ್ಲಿ ಶಾಲೆಗಳ ಮೇಲ್ವಿಚಾರಕರಾಗಿದ್ದ ಎ. ಬಿ. ಗ್ರಹಾಂ ಎಂಬವರು ಹಳ್ಳಿಯ ಬಾಲಕ ಬಾಲಕಿಯರನ್ನು ಕೂಡಿಸಿ, ಮುಸುಕಿನ ಜೋಳ ಬೆಳೆಯುವುದು, ತೋಟ ಮಾಡುವುದು, ಮಣ್ಣಿನ ಹುಳಿ ಗುಣ ಪರೀಕ್ಷಿಸುವುದು ಇವನ್ನೆಲ್ಲ ಹೇಳಿಕೊಟ್ಟರು. ಮುಂದೆ ಇವು ಫೋರ್-ಎಚ್ ಸಂಘಗಳೆಂದು ಹೆಸರಾದವು. ಹೊಸ ಪದ್ಧತಿಯನ್ನು ಮಾತಿಗೆ ಒಪ್ಪದ ತಂದೆಯರು ಮಕ್ಕಳ ತುಂಡು ಹೊಲದ ಬೆಳೆ ಕಂಡು ಒಪ್ಪಿದ್ದುಂಟು. ನಮ್ಮ ದೇಶದಲ್ಲಿ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ ಮೇಲೆ ಗ್ರಾಮೀಣ ಯುವಕ ಸಂಘಗಳಿಗೆ ಪ್ರೋತ್ಸಾಹ ದೊರೆಯಿತು. 1972ರಲ್ಲಿ ನೆಹರು ಯುವ ಕೇಂದ್ರಗಳು ಪ್ರಾರಂಭವಾದವು. ಇಂಥ ಸಂಘಗಳ ಜೀವಾಳವೆಂದರೆ ಒಂದೇ ನಿಯಮ: ಸದಸ್ಯ ಕೈಗೊಂಡ ಕೆಲಸ ಅವನ ಸ್ವಂತದ್ದು, ಅದರ ಲೆಕ್ಕವನ್ನೂ ಅವನೇ ಬರೆಯಬೇಕು. ನಮ್ಮ ಮನೆಗಳಲ್ಲಿ ಎಡವುವುದೂ ಇಲ್ಲಿಯೇ.

ಕೆಲಸ ಯಾರದು?

ಎಂಟನೆಯ ತರಗತಿಯ ಹುಡುಗನೊಬ್ಬ ಸಂಘದ ಮೂಲಕ ಇಪ್ಪತ್ತು ಗಿರಿರಾಜ ಮರಿಗಳನ್ನು ತಂದನೆಂದು ಇಟ್ಟುಕೊಳ್ಳೋಣ. ತಂದೆ ಮೊದಲು ಕೊಡಬೇಕಾದದ್ದು ಹಣವಲ್ಲ, ಜಾಗ. ಕೊಟ್ಟಿಗೆಯ ಒಂದು ಮೂಲೆ, ನಾಯಿ ಬೆಕ್ಕು ನುಗ್ಗದಂತೆ ಒಂದು ತಡಿಕೆ, ನೆಲಕ್ಕೆ ಎರಡು ಅಂಗುಲದಷ್ಟು ಒಣಗಿದ ಭತ್ತದ ಹೊಟ್ಟು. ಇಷ್ಟನ್ನು ಒದಗಿಸಿ, “ಇದು ನಿನ್ನದು” ಎಂದು ಹೇಳಿಬಿಡಬೇಕು.

ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ಬರಬೇಕು. ಮರಿಯೊಂದಕ್ಕೆ ಎರಡು ವಾಟ್‌ನಂತೆ ಲೆಕ್ಕ ಹಾಕಿದರೆ ಇಪ್ಪತ್ತು ಮರಿಗಳಿಗೆ 40 ವಾಟ್‌ನ ಒಂದು ಬಲ್ಬು ಸಾಕು. (ಹಳೆಯ ಕಾಲದ ತಂತಿ ಬಲ್ಬೇ ಆಗಬೇಕು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಸಾಕಷ್ಟು ಕಾವು ಕೊಡುವುದಿಲ್ಲ.) ಉಷ್ಣಮಾಪಕ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ: ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ. ರಾತ್ರಿ ಎದ್ದು ಇದನ್ನು ನೋಡಿ ಬಲ್ಬನ್ನು ಮೇಲೆ ಕೆಳಗೆ ಮಾಡಬೇಕಾದವನು ಹುಡುಗ. “ಪಾಪ, ಮಲಗಲಿ” ಎಂದು ತಂದೆಯೇ ಎದ್ದು ಹೋದರೆ ಮರಿ ಉಳಿದೀತು, ಕಲಿಕೆ ಉಳಿಯದು. ಎಬ್ಬಿಸಿ, ಜೊತೆಯಲ್ಲಿ ಹೋಗಿ, “ಏನು ಕಾಣುತ್ತದೆ?” ಎಂದು ಕೇಳಿದರೆ ಸಾಕು. ಆದರೆ ವಿದ್ಯುತ್ ತಂತಿಯ ಜೋಡಣೆಯನ್ನು ಮಾತ್ರ ದೊಡ್ಡವರೇ ಮಾಡಬೇಕು. ಅಲ್ಲಿ ಕಲಿಕೆಯ ಮಾತು ಬೇಡ.

ದೊಡ್ಡವರು ಜೊತೆಗೂಡಬೇಕಾದ ಇನ್ನೊಂದು ಸಂದರ್ಭ ಲಸಿಕೆ. ಕೊಕ್ಕರೆ ರೋಗದ ವಿರುದ್ಧ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ ಹಾಕಿಸಬೇಕು. ಆರರಿಂದ ಎಂಟು ವಾರದೊಳಗೆ ಚುಚ್ಚುಮದ್ದು ಕೊಡಿಸಬೇಕು. ಲಸಿಕೆಯ ಒಂದು ಸೀಸೆ ನೂರಾರು ಮರಿಗಳಿಗೆ ಆಗುತ್ತದೆ, ಕಲಸಿದ ಮೇಲೆ ಸುಮಾರು ಎರಡು ಗಂಟೆಯೊಳಗೆ ಮುಗಿಸಬೇಕು. ಒಬ್ಬನ ಇಪ್ಪತ್ತು ಮರಿಗೆ ಅದು ನಷ್ಟದ ಬಾಬು. ಸಂಘದ ಸದಸ್ಯರೆಲ್ಲ ಒಂದೇ ದಿನ ಹಾಕಿಸಿದರೆ ತಲೆಗೆ ಬೀಳುವ ಖರ್ಚು ಅತ್ಯಲ್ಪ. ಫ್ಲಾಸ್ಕಿನಲ್ಲಿ ಮಂಜುಗಡ್ಡೆ ತುಂಬಿಕೊಂಡು ಪಶು ಆಸ್ಪತ್ರೆಗೆ ಮಕ್ಕಳೊಡನೆ ಹೋಗಿ ಬರಲು ಸರದಿಯಂತೆ ಒಬ್ಬೊಬ್ಬ ಪೋಷಕರು ಮುಂದೆ ಬಂದರೆ ಸಂಘಕ್ಕೆ ಅದೇ ದೊಡ್ಡ ಉಪಕಾರ.

ಇಷ್ಟಾದರೂ ಕೆಲವು ಮರಿ ಸಾಯುತ್ತವೆ. ಆಗ “ಹೇಳಿದೆನಲ್ಲ, ಇದೆಲ್ಲ ನಿನ್ನ ಕೈಲಾಗದು” ಎಂಬ ಒಂದು ಮಾತು ಹುಡುಗನನ್ನು ಸಂಘದಿಂದ ಬಿಡಿಸಲು ಸಾಕು. ಅದರ ಬದಲು ಯಾವ ದಿನ, ಎಷ್ಟು, ಸಾಯುವ ಮುಂಚೆ ಮೇವು ತಿನ್ನುತ್ತಿದ್ದವೇ, ಹಿಕ್ಕೆಯ ಬಣ್ಣ ಹೇಗಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆಸಬೇಕು. ಪಶುವೈದ್ಯರಿಗೆ ಬೇಕಾಗುವುದೂ ಅದೇ. ಬೇಸಾಯದಲ್ಲಿ ಬೆಳೆ ಕೈಕೊಟ್ಟ ವರ್ಷ ತಂದೆಯನ್ನು ಯಾರೂ ಹೊಲ ಬಿಡು ಎನ್ನುವುದಿಲ್ಲವಷ್ಟೆ.

ಮಾರಿದ ಹಣ

ಹುಡುಗ ನಾಲ್ಕು ತಿಂಗಳು ಸಾಕಿದ ಹುಂಜಗಳನ್ನು ಹಬ್ಬದ ಹಿಂದಿನ ದಿನ ಮಾರಿ ತಂದೆ ಹಣವನ್ನು ಜೇಬಿಗೆ ಹಾಕಿಕೊಂಡರೆ, ಇಲ್ಲವೆ ನೆಂಟರು ಬಂದರೆಂದು ಎರಡನ್ನು ಕೇಳದೆಯೇ ಅಡಿಗೆಗೆ ಕಳಿಸಿದರೆ, ಹಿಂದಿನ ಉಪದೇಶವೆಲ್ಲ ವ್ಯರ್ಥ. ಮನೆಯಲ್ಲಿ ನಿಜವಾಗಿ ಅಡಚಣೆಯಿದ್ದಾಗ ಹೀಗಾಗುವುದುಂಟು. ಬಡತನದ ಮುಂದೆ ನಿಯಮ ಹೇಳುವುದು ಸುಲಭವಲ್ಲ. ಆದರೂ ಕೇಳಿ ತೆಗೆದುಕೊಳ್ಳುವುದಕ್ಕೂ ಕೇಳದೆ ತೆಗೆದುಕೊಳ್ಳುವುದಕ್ಕೂ ಅಜಗಜಾಂತರ. ಅಡಿಗೆಗೆ ಕೊಟ್ಟ ಹುಂಜಕ್ಕೂ ಪೇಟೆಯ ಬೆಲೆ ಕಟ್ಟಿ ಲೆಕ್ಕದಲ್ಲಿ ‘ಮನೆಗೆ’ ಎಂದು ಬರೆಯಿಸಬೇಕು. ಹಾಗೆಯೇ ಮನೆಯಿಂದ ಹಾಕಿದ ನುಚ್ಚು, ರಾಗಿಗೂ ಬೆಲೆ ಹಿಡಿದು ಖರ್ಚಿನ ಕಡೆಗೆ ಸೇರಿಸಬೇಕು. ಆಗಲೇ ಲಾಭವೋ ನಷ್ಟವೋ ಮಗುವಿಗೆ ನಿಜವಾಗಿ ತಿಳಿಯುವುದು. ನಮ್ಮಲ್ಲಿ ದೊಡ್ಡವರೇ ಇಟ್ಟಿರದ ಲೆಕ್ಕ ಇದು!

ಹತ್ತು ವರ್ಷ ದಾಟಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲಿಯೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. ಬ್ಯಾಂಕುಗಳಲ್ಲಿಯೂ ಈ ಅವಕಾಶವಿದೆ. ಮುಂದಿನ ಸಲದ ಮರಿಯ ಬೆಲೆಯಷ್ಟಾದರೂ ಅಲ್ಲಿ ನಿಂತರೆ ಸಂಘದ ಕೆಲಸಕ್ಕೆ ಮನೆಯ ಹಣ ಕೇಳುವ ಪ್ರಸಂಗವೇ ಬಾರದು.

ಹುಡುಗಿಯರು ಮತ್ತು ಊರ ಪಾರ್ಟಿ

ಹುಡುಗಿಯರನ್ನು ಸಂಘಕ್ಕೆ ಕಳಿಸಲು ಹಿಂಜರಿಕೆ ಇನ್ನೂ ಇದೆ. ಮನೆಯ ಕೋಳಿ, ಹಿತ್ತಿಲು ನೋಡುವವರು ಹೆಚ್ಚಾಗಿ ಅವರೇ ಆಗಿರುವಾಗ ಕಲಿಯುವ ಅವಕಾಶ ಅವರಿಗೇ ತಪ್ಪುವುದು ವಿಚಿತ್ರ. ಸಭೆ ದೀಪ ಹಚ್ಚುವ ಹೊತ್ತಿನ ಬದಲು ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ನಡೆಯಲಿ, ತಾಯಂದಿರಲ್ಲಿ ಇಬ್ಬರು ಕುಳಿತಿರಲಿ ಎಂದು ಪೋಷಕರೇ ಸೂಚಿಸಬಹುದು. ಬಿಡಿಸುವುದಕ್ಕಿಂತ ಇದು ಸುಲಭ.

ಪಂಚಾಯಿತಿ ಚುನಾವಣೆ ಬಂದಾಗ ಊರು ಎರಡು ಪಾಲಾಗುತ್ತದೆ. “ಅವರ ಮನೆಯ ಹುಡುಗ ಕಾರ್ಯದರ್ಶಿಯಾದರೆ ನೀನು ಹೋಗಬೇಡ” ಎಂಬ ಮಾತಿನಿಂದ ಒಡೆದ ಸಂಘಗಳು ಕಡಿಮೆಯಿಲ್ಲ. ಸಂಘದಲ್ಲಿ ಯಾರು ಕಾರ್ಯದರ್ಶಿ ಎಂಬುದನ್ನು ಮಕ್ಕಳೇ ಆರಿಸಿಕೊಳ್ಳಲಿ; ಹಣದ ಪುಸ್ತಕವನ್ನು ಮಾತ್ರ ವರ್ಷಕ್ಕೆ ಎರಡು ಸಲ ಪೋಷಕರ ಮುಂದೆ ಓದಿಸಿದರಾಯಿತು.

ಇನ್ನು ಓದು ಹಾಳಾಗುವುದೆಂಬ ಚಿಂತೆ. ಅದಕ್ಕೆ ಕಾಲ ನೋಡಿ ಕೆಲಸ ಹಿಡಿಸುವುದೇ ಉಪಾಯ. ಜೂನ್ ತಿಂಗಳಲ್ಲಿ ಮರಿ ತಂದರೆ ದಸರಾ, ದೀಪಾವಳಿಯ ಹೊತ್ತಿಗೆ ಹುಂಜಗಳ ಮಾರಾಟ ಮುಗಿಯುತ್ತದೆ, ಪರೀಕ್ಷೆಯ ತಿಂಗಳುಗಳಲ್ಲಿ ಕೈ ಬಿಡುವಾಗಿರುತ್ತದೆ. ಮಳೆಗಾಲದ ಥಂಡಿಯಾದ್ದರಿಂದ ಕಾವನ್ನು ಕೆಲವು ದಿನ ಹೆಚ್ಚಾಗಿ ಕೊಡಬೇಕಾದೀತು, ಹೊಟ್ಟು ತೇವವಾದರೆ ಬದಲಾಯಿಸಬೇಕಾದೀತು. ಮೊಟ್ಟೆಗೆಂದು ಉಳಿಸಿಕೊಂಡ ಹೇಂಟೆಗಳಿಗೆ ಪರೀಕ್ಷೆ ಮುಗಿಯುವ ತನಕ ನೀರು ಮೇವು ಇಡುವ ಕೆಲಸವನ್ನು ತಾಯಿಯೋ ಅಜ್ಜಿಯೋ ವಹಿಸಿಕೊಳ್ಳಬಹುದು, ಅದೂ ಹುಡುಗ ಬಾಯಿಬಿಟ್ಟು ಕೇಳಿಕೊಂಡ ಮೇಲೆ.