ಬಾಲಿದ್ವೀಪದ ಜಲದೇವಾಲಯಗಳು

ಪೂಜಾನಂತರ ನಾವು ಬಲಗೈಯನ್ನು ಬಾಗಿಸಿ ಮೂರು ಬಾರಿ ತೀರ್ಥವನ್ನು ಸ್ವೀಕರಿಸುತ್ತೇವೆ. ಈ 'ತೀರ್ಥ' ಶಬ್ದವು ಸಮುದ್ರವನ್ನು ದಾಟಿ, ದೂರದ ದ್ವೀಪವೊಂದರಲ್ಲಿ ಅಲ್ಲಿನವರ ಮತಕ್ಕೇ ಹೆಸರಾಗಿರುವ ಸಂಗತಿಯು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಇಂಡೋನೇಷ್ಯಕ್ಕೆ ಸೇರಿದ ಬಾಲಿಯ ಹಿಂದೂಗಳು ತಮ್ಮ ಧರ್ಮವನ್ನು 'ಆಗಮ ತೀರ್ಥ' ಎಂದು ಕರೆದುಕೊಳ್ಳುವುದುಂಟು. ಅವರ ಉಪಾಸನಾಕ್ರಮ ಬೇರೆ, ಸಿದ್ಧಾಂತವೂ ಬೇರೆ. ಆದರೂ ನೀರನ್ನು ಹಂಚುವ ಭಾರವನ್ನು ದೇವಾಲಯಗಳೇ ಹೊತ್ತು ನಡೆಸಿಕೊಂಡು ಬಂದಿರುವ ಬಗೆಯನ್ನು ಅಲ್ಲಿ ಕಾಣಬಹುದಾದ್ದರಿಂದ ಆ ವಿಷಯವನ್ನು ಇಲ್ಲಿ ವಿಚಾರಿಸೋಣ.

ಬಾಲಿಯಲ್ಲಿ ಜ್ವಾಲಾಮುಖಿ ಪರ್ವತಗಳ ಸಾಲೊಂದಿದೆ. ಬಾತೂರ್ ಪರ್ವತದ ವಿಶಾಲವಾದ ಕುಳಿಯಲ್ಲಿ ಸರೋವರವಿದೆ. ಅದರಿಂದ ಹೊರಗೆ ಹರಿಯುವ ನದಿಯಿಲ್ಲ. ಸರೋವರದ ಜಲವೇ ನೆಲದೊಳಗೆ ಇಂಗಿ ಕೆಳಗಿನ ಊರುಗಳಲ್ಲಿ ಒರತೆಗಳಾಗಿ ಹೊಮ್ಮುತ್ತದೆಂದು ರೈತರ ನಂಬಿಕೆ. ನದಿಗಳಾದರೋ ಮೆದುವಾದ ಬೂದಿಗಲ್ಲನ್ನು ಕೊರೆದು ಆಳವಾದ ಕಮರಿಗಳಲ್ಲಿ ಹರಿಯುತ್ತವೆ. ನೀರು ಪಾತಾಳದಲ್ಲಿ, ಗದ್ದೆ ದಿಬ್ಬದ ಮೇಲೆ! ಮೇಲ್ಗಡೆ ಕಟ್ಟೆ ಕಟ್ಟಿ, ಬಂಡೆಯಲ್ಲಿ ಸುರಂಗ ತೋಡಿ, ಬಹುದೂರ ಕಾಲುವೆ ಎಳೆದಲ್ಲದೆ ನಾಟಿ ಸಾಧ್ಯವಿಲ್ಲ. ಒಬ್ಬನಿಂದ ಆಗುವ ಕೆಲಸವಲ್ಲವಾದ್ದರಿಂದ ಒಂದೇ ಕಾಲುವೆಯ ರೈತರೆಲ್ಲರೂ ಸೇರಿ 'ಸುಬಕ್' ಎಂಬ ಸಂಘವನ್ನು ಮಾಡಿಕೊಂಡರು. ೧೧ನೆಯ ಶತಮಾನದ ಶಾಸನಗಳಲ್ಲೇ ಇದರ ಉಲ್ಲೇಖವಿದೆ.

ಕಟ್ಟೆಗೊಂದು ಗುಡಿ, ಕಾಲುವೆ ಕವಲೊಡೆಯುವಲ್ಲಿ ಮತ್ತೊಂದು ಗುಡಿ. ಇವೆಲ್ಲಕ್ಕೂ ಹಿರಿಯದಾಗಿ ಸರೋವರದ ದೇವತೆಯಾದ ದೇವಿ ದಾನುವಿನ 'ಉಲುನ್ ದಾನು ಬಾತೂರ್' ದೇವಾಲಯವಿದೆ. ೧೯೨೬ರಲ್ಲಿ ಜ್ವಾಲಾಮುಖಿಯು ಸಿಡಿದು ಊರೂ ಗುಡಿಯೂ ನಾಶವಾದಾಗ ಜನರು ಕುಳಿಯ ಅಂಚಿನ ಮೇಲೆ ಅದನ್ನು ಮರಳಿ ಕಟ್ಟಿದರು. ಯಾವ ಸುಬಕ್ ಎಂದು ನಾಟಿ ಮಾಡಬೇಕು, ಯಾವುದು ಗದ್ದೆಯನ್ನು ಬೀಳುಬಿಡಬೇಕು ಎಂಬುದೆಲ್ಲ ಗುಡಿಗಳಲ್ಲಿ ಸೇರುವ ಸಭೆಗಳಲ್ಲಿ ನಿರ್ಣಯವಾಗುತ್ತದೆ.

ಮೇಲಿನ ಗದ್ದೆಯವನು ಇದಕ್ಕೇಕೆ ಒಪ್ಪಬೇಕು? ನೀರು ಮೊದಲು ಬರುವುದು ಅವನಿಗೇ ಅಲ್ಲವೇ? ಇಲ್ಲಿಯೇ ಈ ವ್ಯವಸ್ಥೆಯ ಮರ್ಮವಿದೆ. ಕೆಳಗಿನವನು ನೀರಿಲ್ಲದೆ ಬೇರೆ ಕಾಲದಲ್ಲಿ ನಾಟಿಮಾಡಿದರೆ ಅವನ ಪೈರಿನ ಕೀಟಗಳು ಮೇಲಿನವನ ಗದ್ದೆಗೆ ಏರಿ ಬರುತ್ತವೆ. ಎಲ್ಲರೂ ಒಟ್ಟಿಗೆ ಕೊಯ್ದು ಒಟ್ಟಿಗೆ ಬೀಳುಬಿಟ್ಟರೆ ಕೀಟಗಳು ಆಹಾರವಿಲ್ಲದೆ ಸಾಯುತ್ತವೆ. ಕೆಳಗಿನವನಿಗೆ ನೀರಿನ ಭಯ, ಮೇಲಿನವನಿಗೆ ಕೀಟದ ಭಯ. ಎರಡೂ ಸೇರಿ ಇಬ್ಬರನ್ನೂ ಒಂದೇ ಸಭೆಯಲ್ಲಿ ಕೂರಿಸುತ್ತವೆ.

೧೯೭೦ರ ದಶಕದಲ್ಲಿ ಸರ್ಕಾರವು ಹೊಸ ತಳಿಯ ಭತ್ತವನ್ನೂ ರಸಗೊಬ್ಬರವನ್ನೂ ತಂದು, ಸರದಿಗೆ ಕಾಯದೆ ಆದಷ್ಟು ಬಾರಿ ಬೆಳೆಯಿರೆಂದು ಪ್ರೋತ್ಸಾಹಿಸಿತು. ದೇಶವು ಆಗ ಹೊರಗಿನಿಂದ ಅಕ್ಕಿ ತರಿಸಿಕೊಳ್ಳುತ್ತಿದ್ದುದರಿಂದ ಅಧಿಕಾರಿಗಳ ಉದ್ದೇಶವನ್ನು ನಾವು ಹಳಿಯಲಾರೆವು. ಆದರೆ ಗುಡಿಗಳ ಕ್ರಮವು ತಪ್ಪಿದ ಕೆಲವೇ ವರ್ಷಗಳಲ್ಲಿ ಕಂದು ಜಿಗಿಹುಳುವೂ ರೋಗಗಳೂ ಹಬ್ಬಿ ಪೈರು ಹಾಳಾಯಿತು. ಔಷಧಿ ಸಿಂಪಡಿಸಿದಷ್ಟೂ ತೊಂದರೆ ಬೆಳೆಯಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅವರು ಜೇಮ್ಸ್ ಕ್ರೇಮರ್ ಎಂಬ ಪರಿಸರವಿಜ್ಞಾನಿಯೊಡನೆ ಕಂಪ್ಯೂಟರಿನಲ್ಲಿ ಲೆಕ್ಕಹಾಕಿ, ಗುಡಿಗಳು ಗೊತ್ತುಮಾಡಿದ ಹಂಚಿಕೆಯಿಂದಲೇ ಉತ್ತಮ ಫಸಲು ದೊರೆಯುವುದೆಂದು ತೋರಿಸಿದರು. ಅರ್ಚಕರಿಗೆ ಆ ಸಾಕ್ಷ್ಯ ಬೇಕಿರಲಿಲ್ಲ, ಬೇಕಾಗಿದ್ದವರು ಬೇರೆ!

೨೦೧೨ರಲ್ಲಿ ಯುನೆಸ್ಕೋ ಈ ಗದ್ದೆಗಳನ್ನೂ ಗುಡಿಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪ್ರವಾಸಿಗಳ ವಸತಿಗೃಹಗಳಿಗಾಗಿ ಗದ್ದೆಗಳು ಮಾರಾಟವಾಗುತ್ತಲೇ ಇವೆ. ನಡುವಿನ ಒಂದು ಗದ್ದೆ ಕೈಬಿಟ್ಟುಹೋದರೂ ಅದರ ಕೆಳಗಿನವರ ಕಾಲುವೆಗೆ ತೊಡಕಾಗುತ್ತದೆ. ಉಳಿದ ರೈತರು ಇಂದಿಗೂ ಬಾತೂರಿನ ಗುಡಿಯಿಂದ ತೀರ್ಥವನ್ನು ತರುತ್ತಾರೆ. ಗದ್ದೆಗೆ ನೀರು ಮೊದಲು ಇಳಿಯುವ ಮೂಲೆಯಲ್ಲಿ ಪುಟ್ಟ ಗುಡಿಯೊಂದಿರುತ್ತದೆ, ನೈವೇದ್ಯವನ್ನಿಡುವುದು ಅಲ್ಲಿಯೇ.