ಋಣ ಪೂರ್ಣಾಂಕಗಳ ಹೋಲಿಕೆ: ಅದಿತಿ ಅಶೋಕ್ ಅವರ ಅಂಕಪಟ್ಟಿಯಿಂದ ಒಂದು ಪಾಠ

ತರಗತಿ: 6. ವಿಷಯ: ಗಣಿತ. ಘಟಕ: ಪೂರ್ಣಾಂಕಗಳು.

ಕಲಿಕೆಯ ತೊಡಕು: 17 ದೊಡ್ಡದು, 15 ಚಿಕ್ಕದು ಎಂದು ಬಲ್ಲ ಮಕ್ಕಳು −17 ಕೂಡ −15ಕ್ಕಿಂತ ದೊಡ್ಡದೆಂದು ಹೇಳಿಬಿಡುತ್ತಾರೆ. ನಿಯಮವನ್ನು ಬಾಯಿಪಾಠ ಮಾಡಿಸಿದರೆ ಇದು ಹೋಗುವುದಿಲ್ಲ.

ಪೀಠಿಕೆ: ಮೂಡುಬಿದಿರೆಯ ಕಂಬಳದಲ್ಲಿ ಗೆಲ್ಲುವುದು ಯಾವ ಜೋಡಿ? ಕಡಿಮೆ ಸೆಕೆಂಡಿನಲ್ಲಿ ಓಡಿದ್ದು. ಗಾಲ್ಫ್‌ನಲ್ಲೂ ಹಾಗೆಯೇ, ಕಡಿಮೆ ಹೊಡೆತ ಹೊಡೆದವರಿಗೆ ಗೆಲುವು.

ಬೋಧನಾಂಶ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ಒಂದು ಸುತ್ತಿಗೆ ನಿಗದಿತ ಹೊಡೆತ, ಅಂದರೆ ಪಾರ್, 71. ನಾಲ್ಕು ಸುತ್ತಿಗೆ 284. ವಿಶ್ವ ಕ್ರಮಾಂಕದಲ್ಲಿ 200ನೆಯವರಾಗಿದ್ದ ಬೆಂಗಳೂರಿನ ಅದಿತಿ 67, 66, 68, 68 ಹೊಡೆದರು.

67 + 66 + 68 + 68 = 269
269 − 284 = −15

ಅಮೆರಿಕದ ನೆಲ್ಲಿ ಕೋರ್ಡಾ −17. ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ತಲಾ −16.

ಚಟುವಟಿಕೆ: ಅಂಗಳದಲ್ಲಿ ಸಂಖ್ಯಾರೇಖೆ ಬರೆದು ನಾಲ್ವರು ಮಕ್ಕಳನ್ನು ಆಯಾ ಸಂಖ್ಯೆಯ ಮೇಲೆ ನಿಲ್ಲಿಸಿ. ಎಲ್ಲರಿಗಿಂತ ಎಡಕ್ಕೆ ನಿಂತವರಿಗೆ ಚಿನ್ನ. −17 < −16 < −15 ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಅದಿತಿಯ ಸ್ಥಾನದಿಂದ ಪದಕದ ಸ್ಥಾನಕ್ಕೆ ಒಂದೇ ಹೆಜ್ಜೆ. 269 ಹೊಡೆತಗಳ ಬಳಿಕ ಉಳಿದ ಅಂತರ ಅಷ್ಟೇ. ನಾಲ್ಕನೆಯ ಸ್ಥಾನವೆಂದರೆ ಏನೆಂದು ಆ ಹೆಜ್ಜೆಯೇ ಹೇಳುತ್ತದೆ.

ಮೌಲ್ಯಮಾಪನ: ಕೊನೆಯ ಸುತ್ತಿನಲ್ಲಿ ಅದಿತಿ 68ರ ಬದಲು 66 ಹೊಡೆದಿದ್ದರೆ ಸಂಖ್ಯಾರೇಖೆಯಲ್ಲಿ ಯಾರ ಜೊತೆ ನಿಲ್ಲುತ್ತಿದ್ದರು?