ಉಕ್ಕಿನ ಸವೆತ ಮತ್ತು ಅದರ ಪರೀಕ್ಷೆ

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಸುತ್ತಣ ಗುಡ್ಡಗಳಲ್ಲಿ ಮಳೆಯು ಬಹಳ. ಯುಗಯುಗಗಳಿಂದ ಸುರಿದ ಮಳೆಯು ನೆಲದ ಸಾರವನ್ನು ತೊಳೆದೊಯ್ದು ಕಬ್ಬಿಣದ ಅಂಶವನ್ನು ಉಳಿಸಿದುದರಿಂದಲೇ ಮಲೆನಾಡಿನ ಜಂಬಿಟ್ಟಿಗೆಯೂ ಕೆಂಪು ಗರಸೂ ಉಂಟಾದುವು. ಇಂತಹ ನೆಲದಲ್ಲಿ ಅಡಕೆ ತೋಟಕ್ಕೆ ಬಸಿಗಾಲುವೆ ತೋಡುವ ಯಂತ್ರದ ಹಲ್ಲಾಗಲಿ, ಗದ್ದೆ ಉಳುವ ಗುಳವಾಗಲಿ ಬೇಗನೆ ಮೊಂಡಾಗುವುದು. ಮೊಂಡಾದ ಗುಳವು ನೆಲಕ್ಕೆ ಸರಿಯಾಗಿ ಇಳಿಯದು; ಎತ್ತಿಗೆ ಆಯಾಸವನ್ನೂ ಟ್ರ್ಯಾಕ್ಟರಿಗೆ ಎಣ್ಣೆಯ ಖರ್ಚನ್ನೂ ಹೆಚ್ಚಿಸುವುದು.

ಉಕ್ಕನ್ನು ಹೆಚ್ಚಾಗಿ ತಿನ್ನುವುದು ಮಣ್ಣಿನ ನುಣುಪು ಭಾಗವಲ್ಲ, ಅದರೊಳಗಿನ ಬೆಣಚುಕಲ್ಲಿನ ಹರಳು. ಅದು ಸಾಮಾನ್ಯ ಉಕ್ಕಿಗಿಂತ ಗಡಸು. ಗಣಿಗಳಲ್ಲಿಯೂ ಇದೇ ತೊಂದರೆ. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡನು ಕಂಡುಹಿಡಿದ, ನೂರಕ್ಕೆ ಸುಮಾರು 12 ಪಾಲು ಮ್ಯಾಂಗನೀಸ್ ಬೆರೆತ ಉಕ್ಕು ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವುದರಿಂದ ಕಲ್ಲೊಡೆಯುವ ಯಂತ್ರದ ದವಡೆಗೆ ಬಹಳ ಯೋಗ್ಯ. ಆದರೆ ಮರಳು ಮೆಲ್ಲಮೆಲ್ಲನೆ ಉಜ್ಜುವಲ್ಲಿ ಪೆಟ್ಟೇ ಇಲ್ಲ. ಅಲ್ಲಿ ಈ ಉಕ್ಕಿನ ವಿಶೇಷ ಗುಣವು ಹೊರಬಾರದು. ‘ಗಣಿಯ ಉಕ್ಕು’ ಎಂಬ ಹೆಸರಿಗೆ ಮಾರುಹೋಗಿ ಗುಳವನ್ನು ಕೊಳ್ಳುವುದು ಆದುದರಿಂದ ಜಾಣತನವಲ್ಲ.

ಪ್ರಯೋಗಶಾಲೆಯಲ್ಲಿ ಉಕ್ಕಿನ ತುಂಡನ್ನು ತೂಗಿ, ತಿರುಗುವ ರಬ್ಬರು ಚಕ್ರಕ್ಕೆ ಗೊತ್ತಾದ ಭಾರದಿಂದ ಒತ್ತಿ, ನಡುವೆ ಒಣ ಮರಳನ್ನು ಒಂದೇ ಸಮನಾಗಿ ಸುರಿಯುವರು. ಇಂತಹ ಒಂದು ಕ್ರಮದಲ್ಲಿ ಚಕ್ರವು 6000 ಸುತ್ತು ತಿರುಗುವುದು. ಮರಳಿ ತೂಗಿದಾಗ ಕಡಮೆಯಾದ ತೂಕದಿಂದ ಎಷ್ಟು ಉಕ್ಕು ಸವೆಯಿತೆಂಬುದು ತಿಳಿಯುವುದು. ಉಕ್ಕುಗಳನ್ನು ಒಂದರೊಡನೊಂದು ಹೋಲಿಸಲು ಇದು ಸಾಕು; ಹೊಲದಲ್ಲಿ ಎಷ್ಟು ದಿನ ಬಾಳುವುದೆಂದು ಮಾತ್ರ ಹೇಳದು, ಏಕೆಂದರೆ ಮಣ್ಣಿನ ತೇವವೂ ಕಲ್ಲಿನ ಪೆಟ್ಟೂ ಅಲ್ಲಿಲ್ಲ.

ಹೊಲದ ಪರೀಕ್ಷೆಯನ್ನು ಒಕ್ಕಲಿಗನೇ ಮಾಡಬಹುದು. ಎರಡು ಬಗೆಯ ಗುಳಗಳನ್ನು ತೊಳೆದು, ಒಣಗಿಸಿ, ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ, ಒಂದೇ ಕಲ್ಟಿವೇಟರಿಗೆ ಜೋಡಿಸಬೇಕು. ಟ್ರ್ಯಾಕ್ಟರಿನ ಗಾಲಿ ತುಳಿದ ಜಾಡಿನಲ್ಲಿ ಬರುವ ಗುಳವು ಹೆಚ್ಚು ಸವೆಯುವುದು ಸಹಜವಾದುದರಿಂದ, ಅರ್ಧ ಕೆಲಸವಾದ ಮೇಲೆ ಅವುಗಳ ಸ್ಥಾನವನ್ನು ಅದಲುಬದಲು ಮಾಡಬೇಕು. ಇದನ್ನು ಮರೆತರೆ ಪರೀಕ್ಷೆಯೇ ವ್ಯರ್ಥ. ಬಳಿಕ ಮೊದಲಿನಂತೆಯೇ ತೊಳೆದು ತೂಗಿ, ಉತ್ತ ಎಕರೆಗೆ ಎಷ್ಟು ಗ್ರಾಂ ಹೋಯಿತೆಂದು ಬರೆದಿಟ್ಟು, ಬೆಲೆಯೊಡನೆ ಹೋಲಿಸಬೇಕು. ಅತಿ ಗಡಸಾದುದು ಕಡಮೆ ಸವೆದರೂ ಜಂಬಿಟ್ಟಿಗೆ ತಾಗಿದಾಗ ಮುರಿಯಬಹುದು. ಮುರಿದುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗುಳವನ್ನು ಕುಲುಮೆಯಲ್ಲಿ ತಟ್ಟಿಸುವುದಾದರೆ ಅತಿಯಾಗಿ ಕಾಯಿಸಗೊಡಬಾರದು. ಬಹಳ ಹೊತ್ತು ಬಿಳಿಗಾವಿನಲ್ಲಿಟ್ಟ ಉಕ್ಕಿನ ಮೈಯಿಂದ ಇಂಗಾಲವು ಉರಿದುಹೋಗಿ, ಹೊಸದಾಗಿ ಹದ ಕೊಟ್ಟರೂ ಅಂಚು ಮೆತ್ತಗಾಗಿಯೇ ಉಳಿಯುವುದು. ಹಾಗೆ ತಟ್ಟಿಸಿದ ಗುಳವನ್ನು ಹೊಸತರೊಡನೆ ಹೋಲಿಸಿ ಉಕ್ಕನ್ನು ದೂರುವುದು ನ್ಯಾಯವಲ್ಲ. ತಟ್ಟಿಸಿದುದಕ್ಕೆ ತಟ್ಟಿಸಿದುದನ್ನೇ ಜೊತೆಮಾಡಿ ತೂಗಬೇಕು.